ಗೋಡೆ ಏರದ ಕೆರೆ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಮಾತಿನ ನಡುವೆ ಹತ್ತು ಸಲ ನುಗ್ಗಿ ಇದನ್ನೇ ಹೇಳುತ್ತೇನೆ. ತಲೆತುಂಬ ಕೂದಲು, ಅಜ್ಜಿಯ ಮೂಗು. ಮುಷ್ಟಿಯಲ್ಲಿ ನನ್ನ ಕಿರುಬೆರಳು ಸಿಕ್ಕಿದರೆ ಬಿಡಿಸಲು ಇಬ್ಬರು ಬೇಕು. ಗಲ್ಫಿನ ಈ ಇಡೀ ಅಲ್ ಖೌದ್‌ನಲ್ಲಿ ನನಗೊಬ್ಬನಿಗೇ ಮೊಮ್ಮಗಳಿರುವುದು ಅನ್ನುವಂತೆ ಓಡಾಡುತ್ತೀರಿ ಎಂದು ಹೆಂಡತಿ ಬೈಯುತ್ತಾಳೆ. ಬೈಯಲಿ.

ಆದರೆ ನಾನು ಬರೆಯಲು ಕೂತದ್ದು ಅವಳು ಹುಟ್ಟುವ ಮೊದಲಿನ ಎರಡೂವರೆ ತಿಂಗಳು ನನ್ನನ್ನು ಹಿಂಡಿ ಹಾಕಿದ ಒಂದು ಕೆಲಸದ ಬಗ್ಗೆ. ಕಣ್ಣಾರೆ ಎಂದೂ ಕಾಣದ ಇಂಗ್ಲೆಂಡಿನ ಒಂದು ಸಣ್ಣ ಹಳ್ಳಿಯನ್ನು ಬಟ್ಟೆಯಲ್ಲಿ ಹೊಲಿದುಕೊಡುತ್ತೇನೆ ಎಂದು ಒಪ್ಪಿಕೊಂಡೆನಲ್ಲ, ಅದರ ಬಗ್ಗೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. "ನೀ ಬರಿ ಅಪ್ಪಾ, ತಪ್ಪಿದ್ದದ್ದ ನಾ ತಿದ್ದತೀನಿ" ಎಂದು ಮಗಳು ಧೈರ್ಯ ಕೊಟ್ಟಿದ್ದಾಳೆ.

ನಾನು ಕೆಲಸ ಮಾಡುವ ಟೈಲರ್ ಅಂಗಡಿ ಯೂನಿವರ್ಸಿಟಿ ಕಡೆ ಹೋಗುವ ರಸ್ತೆಯಲ್ಲಿದೆ. ಹೆಚ್ಚಾಗಿ ಹೊಲಿಯುವುದು ದಿಶ್‌ದಾಶ, ಅಂದರೆ ಇಲ್ಲಿಯ ಗಂಡಸರು ತೊಡುವ ಕಾಲುದ್ದದ ಬಿಳಿ ಅಂಗಿ. ಆ ಅಂಗಡಿಗೆ ಒಬ್ಬರು ಇಂಗ್ಲಿಷ್ ಮೇಡಂ ಬರುತ್ತಿದ್ದರು. ಇಲ್ಲಿ ಬಹಳ ವರ್ಷ ಪಾಠ ಹೇಳಿ, ಇನ್ನೇನು ನಿವೃತ್ತಿಯಾಗಿ ಊರಿಗೆ ಮರಳಲಿದ್ದವರು. ಒಂದು ದಿನ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದಾಗ ಅವರ ಕಣ್ಣು ನನ್ನ ಕುರ್ಚಿಯ ಮೇಲೆ ಬಿತ್ತು. ಅಲ್ಲಿ ಮಡಚಿ ಹಾಕಿಕೊಂಡ ಹಳೆ ಕೌದಿ ಇತ್ತು. ಹಳೆ ಸೀರೆ, ಹಳೆ ಧೋತರ, ಚಿಂದಿ ಬಟ್ಟೆ ಜೋಡಿಸಿ ಕೈಹೊಲಿಗೆ ಹಾಕಿದ ನಮ್ಮ ಧಾರವಾಡ ಕಡೆಯ ಕೌದಿ.

"ಮಾಸ್ಟರ್, ಇದನ್ನು ಮಾಡಿದ್ದು ಯಾರು?" ಎಂದು ಕೇಳಿದರು.

ನನ್ನ ಇಂಗ್ಲಿಷು ಅಳತೆಯ ಇಂಗ್ಲಿಷು. ಲೂಸು, ಟೈಟು, ಲೆಂಗ್ತು. ಅದರಲ್ಲೇ "ಮೈ ವೈಫ್. ನೆಕ್ಸ್ಟ್ ವೀಕ್ ಕಮಿಂಗ್" ಎಂದೆ. ಮಗಳ ಬಾಣಂತನಕ್ಕೆಂದು ಅವಳು ವಿಸಿಟ್ ವೀಸಾದ ಮೇಲೆ ಬರುವವಳಿದ್ದಳು. ಅಳಿಯ ರುಸೈಲ್‌ನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ, ಮನೆ ಇಲ್ಲೇ ಅಲ್ ಖೌದ್‌ನಲ್ಲಿ.

ಮೇಡಂ ಕೌದಿಯ ಮೇಲೆ ಕೈಯಾಡಿಸುತ್ತಾ, ನನಗೆ ತಿಳಿಯುವಂತೆ ಬಿಡಿಸಿ ಬಿಡಿಸಿ, ಫೋನಿನ ಫೋಟೊ ತೋರಿಸಿ ತಮ್ಮ ಕಷ್ಟ ಹೇಳಿಕೊಂಡರು. ಅವರ ಹಳ್ಳಿಯಲ್ಲಿ ಶಾಲೆ ಮುಚ್ಚಿತು, ಅಂಗಡಿ ಮುಚ್ಚಿತು, ಅಂಚೆ ಕಚೇರಿ ಮುಚ್ಚಿತು. ಜನ ಕೂಡಲು ಉಳಿದದ್ದು ಒಂದು ಸಮುದಾಯ ಭವನ. ಅದನ್ನು ರಿಪೇರಿ ಮಾಡಿಸಿ ಮತ್ತೆ ತೆರೆಯುತ್ತಾರಂತೆ. ಅದರ ಗೋಡೆಗೆ ಊರಿನ ಹಳೆಯ ಕಾಲವನ್ನೆಲ್ಲ ಬಟ್ಟೆಯಲ್ಲಿ ಹೊಲಿಸಿ ತೂಗುಹಾಕುವ ಮಾತನ್ನು ಇವರು ಕೊಟ್ಟಿದ್ದಾರೆ. ಊರಲ್ಲಿ ಇವರ ತಾಯಿ ಇದ್ದಾರೆ, ತೊಂಬತ್ತು ದಾಟಿದ ಮುದುಕಿ. ಕಣ್ಣು ದಿನದಿನಕ್ಕೆ ಮಂಜಾಗುತ್ತಿದೆ. ಪೂರ್ತಿ ಕತ್ತಲೆಯಾಗುವ ಮೊದಲು ಹಳೆಯ ಊರನ್ನು, ಅದರಲ್ಲೂ ಊರ ನಡುವಿನ ಕೆರೆಯನ್ನು ಒಮ್ಮೆ ನೋಡಬೇಕೆಂದು ಆಸೆ. ಉಳಿದದ್ದೆಲ್ಲ ರೂಪ ಬದಲಾಗಿಯಾದರೂ ಅಲ್ಲೇ ಇದೆ. ಕೆರೆಯನ್ನು ಮಾತ್ರ ಎಂದೋ ಮಣ್ಣು ಹಾಕಿ ಮುಚ್ಚಿ ಗಾಡಿ ನಿಲ್ಲಿಸುವ ಜಾಗ ಮಾಡಿದ್ದಾರೆ.

"ಮಾಡಿಕೊಡುತ್ತೀರಾ ಮಾಸ್ಟರ್? ಎರಡೂವರೆ ತಿಂಗಳು ಇದೆ. ಅದು ಕಳೆದ ಗುರುವಾರ ನನ್ನ ವಿಮಾನ."

"ಯೆಸ್ ಮೇಡಂ" ಎಂದೆ. ಹೆಂಡತಿಯನ್ನು ಕೇಳದೆ ಹೇಳಿದೆ. ಅಲ್ಲಿಂದಲೇ ನನ್ನ ಗ್ರಹಚಾರ ಶುರುವಾಯಿತು.

ವಿಮಾನ ಇಳಿದು ಬಂದ ಹೆಂಡತಿ ಚಹಾ ಕುಡಿದು ಮುಗಿಸುವ ಮೊದಲೇ ವಿಷಯ ತೆಗೆದೆ.

"ಕೇಳದ ಹೂಂ ಅಂದ್ರೇನ್ರಿ? ನಾ ಇಲ್ಲಿ ಬಾಣಂತನಕ್ಕ ಬಂದೇನೋ, ನಿಮ್ಮ ಅಂಗಡಿ ಚಾಕರಿಗೆ ಬಂದೇನೋ?"

"ಹುಡುಗಿಗೆ ಇನ್ನೂ ಏಳು ತಿಂಗಳು ತುಂಬೇತಿ. ಅಲ್ಲೀತನಕ ಕೂತು ಏನ್ ಮಾಡ್ತಿ?"

"ಏನ್ ಮಾಡ್ತೀನಾ? ನಿಮ್ಮ ಮಾರಿ ನೋಡ್ಕೋತ ಕೂಡ್ತೀನಿ."

ಮಾರನೆಯ ಬೆಳಿಗ್ಗೆ ನೋಡಿದರೆ ನಾನು ತಂದಿಟ್ಟ ಚಿಂದಿಯ ಚೀಲವನ್ನು ಬಿಚ್ಚಿ ಬಣ್ಣ ಬಣ್ಣವಾಗಿ ಗುಡ್ಡೆ ಹಾಕುತ್ತಾ ಕೂತಿದ್ದಳು. ಅವಳ ಮುಂದೆ ಒಂದು ದೊಡ್ಡ ಬಿಳಿ ಗುಡ್ಡೆ, ಒಂದು ಕಪ್ಪು ಗುಡ್ಡೆ. ದಿಶ್‌ದಾಶದ ಬಿಳಿ, ಹೆಂಗಸರು ಮೇಲೆ ತೊಡುವ ಅಬಾಯದ ಕಪ್ಪು.

"ಇದರಾಗ ಊರು ಹೆಂಗ ಹೊಲೀಲಿ? ಬರೇ ಮೋಡ ಮತ್ತ ಕಾಗಿ ಆಕ್ಕಾವ" ಎಂದಳು.

ಮೇಡಂ ಕೊಟ್ಟ ನಕಾಶೆಯ ಕಾಗದದಲ್ಲಿ ಎಲ್ಲಿ ನೋಡಿದರೂ ಹಸಿರು. ಹುಲ್ಲಿನ ಹಸಿರು, ಬೇಲಿಯ ಹಸಿರು, ಮರದ ಹಸಿರು. ನಾನು ಮಧ್ಯಾಹ್ನದ ಬಿಡುವಿನಲ್ಲಿ ಬಟ್ಟೆ ಅಂಗಡಿಗಳನ್ನೆಲ್ಲ ಸುತ್ತಿದೆ. ಇಲ್ಲಿ ಸಿಗುವ ಹಸಿರು ಬಾವುಟದ ಹಸಿರು, ಇಲ್ಲವೇ ಆಸ್ಪತ್ರೆಯ ಪರದೆಯ ಹಸಿರು. ಒಂಬತ್ತು ತುಂಡು ಕತ್ತರಿಸಿಕೊಂಡು ಮೇಡಂಗೆ ತೋರಿಸಿದೆ. ಒಂಬತ್ತನ್ನೂ ಬದಿಗೆ ಸರಿಸಿದರು. ನಮ್ಮ ಹುಲ್ಲು ಹೀಗೆ ಕಿರುಚುವುದಿಲ್ಲ ಮಾಸ್ಟರ್, ಎಂದರು. ಕೊನೆಗೆ ಹೆಂಡತಿ ಬಿಳಿ ದಿಶ್‌ದಾಶದ ತುಂಡುಗಳನ್ನು ಚಹಾದ ಚರಟ, ಅರಿಸಿನ ಹಾಕಿ ಕುದಿಸಿ, ಮೇಲೆ ಪ್ಯಾಕೆಟ್ಟಿನ ನೀಲಿ ಬಣ್ಣ ಹಾಕಿ ಬೇಯಿಸಿದಳು. ಮೂರನೇ ಸಲಕ್ಕೆ ಒಂದು ಮಂಕು ಹಸಿರು ಬಂತು. ಮೇಡಂ ಅದನ್ನು ಕೆನ್ನೆಗೆ ಒತ್ತಿಕೊಂಡರು. ಅಳಿಯ ಮಾತ್ರ ಮನೆಯಲ್ಲಿ ಅನ್ನ ಬೇಯಿಸುವ ಪಾತ್ರೆ ಯಾವುದು, ಹುಲ್ಲು ಬೇಯಿಸುವ ಪಾತ್ರೆ ಯಾವುದು ಎಂದು ಕೇಳಿಯೇ ಊಟಕ್ಕೆ ಕೂರುತ್ತಿದ್ದ.

ಪಕ್ಕದ ಫ್ಲಾಟಿನಲ್ಲಿ ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ ಹೆಂಗಸೊಬ್ಬರಿದ್ದಾರೆ. ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿ ಮಗನ ಜೊತೆ ಇರುವವರು. ನಾವು ಬಾಯಮ್ಮ ಅನ್ನುತ್ತೇವೆ. ಇಂಗ್ಲಿಷು ಚೆನ್ನಾಗಿ ಬರುತ್ತದೆ. ಬಣ್ಣದ ವಾಸನೆ ಏನೆಂದು ವಿಚಾರಿಸಲು ಬಂದವರು, ನಕಾಶೆ ನೋಡಿ ಅಲ್ಲೇ ಕೂತರು. ಮೇಡಂ ಹೇಳಿದ್ದನ್ನೆಲ್ಲ ನಮಗೆ ತಿಳಿಸುವ ಕೆಲಸ ಅವರ ಪಾಲಿಗೆ ಬಂತು.

ನಮ್ಮಲ್ಲಿ ಕೌದಿ ಹೊಲಿಯುವ ಪದ್ಧತಿ ಹೇಳಬೇಕು. ಬಟ್ಟೆಯನ್ನು ನೆಲದ ಮೇಲೆ ಹಾಸುತ್ತೇವೆ. ನಾಲ್ಕು ಜನ ನಾಲ್ಕು ಕಡೆ ಕೂತು, ಅಂಚಿನಿಂದ ಹೊಲಿಗೆ ಶುರುಮಾಡಿ ನಡುವಿನ ಕಡೆ ಸರಿಯುತ್ತಾ ಹೋಗುತ್ತಾರೆ. ಸೂಜಿಗಳು ನಡುವಿಗೆ ಬಂದಾಗ ಕೌದಿ ಮುಗಿಯಿತು. ಹೆಂಡತಿ ಏಳು ಅಡಿ ಉದ್ದಗಲದ ಚೌಕ ಹಾಸಿದಳು. ಐದು ಅಡಿ ಉದ್ದ, ಎರಡು ಅಡಿ ಅಗಲದ ನಾಲ್ಕು ಪಟ್ಟಿ ಕತ್ತರಿಸಿ, ಒಂದರ ತುದಿ ಇನ್ನೊಂದರ ಮಗ್ಗುಲಿಗೆ ತಾಗುವಂತೆ ಸುತ್ತಲೂ ಇಟ್ಟಳು. ನಡುವೆ ಮೂರು ಅಡಿಯ ಚೌಕ ಉಳಿಯಿತು. ಅದು ಕೆರೆ, ಸುತ್ತಲಿನ ಒಂದೊಂದು ಪಟ್ಟಿ ಊರಿನ ಒಂದೊಂದು ಬದಿ. ಚರ್ಚಿನ ಕಡೆ, ಅವರ ಮಾತಲ್ಲಿ ಇಗರ್ಜಿಯ ಕಡೆ, ಬಾಯಮ್ಮ ಕೂತರು. ಶಾಲೆ ಕಡೆ ಮಗಳು, ಹೊಟ್ಟೆಗೆ ಅಡ್ಡವಾಗದಂತೆ ದಿಂಬು ಒರಗಿ. ಅಂಗಡಿ, ಅಂಚೆ ಕಚೇರಿ, ಮನೆಗಳ ಕಡೆ ಹೆಂಡತಿ. ಕುಲುಮೆ ಮತ್ತು ಹೆಂಡದಂಗಡಿ ಕಡೆ ನಾನು.

"ಎಂಥ ಮಾಸ್ಟ್ರೇ, ನಿಮಗೆ ಸರಿಯಾದ ಜಾಗವೇ ಸಿಕ್ಕಿತಲ್ಲ" ಎಂದರು ಬಾಯಮ್ಮ.

"ನಾ ಕುಡಿಯೂದಿಲ್ರಿ ಬಾಯಮ್ಮ."

"ಕುಡಿಯದವರಿಗೆ ಹೊಲಿಗೆ ನೆಟ್ಟಗೆ ಬರ್ತದೆ, ಅದಕ್ಕೇ ಕೊಟ್ಟದ್ದು."

ಊರಿನ ಎಷ್ಟೋ ಸಂಗತಿ ನನ್ನ ತಲೆಗೆ ಹತ್ತುತ್ತಿರಲಿಲ್ಲ. ಸತ್ತವರನ್ನು ಊರ ನಡುವೆಯೇ, ಮನೆಗಳ ಪಕ್ಕ, ಇಗರ್ಜಿಯ ಅಂಗಳದಲ್ಲಿ ಹೂಳಿ, ಅದೇ ಅಂಗಳದಲ್ಲಿ ಭಾನುವಾರ ನಿಂತು ಊರ ಸುದ್ದಿ ಮಾತಾಡುತ್ತಾರಂತೆ. ಹೆಂಡದಂಗಡಿಗೆ ಹೆಂಗಸರು ಮಕ್ಕಳು ಎಲ್ಲರೂ ಊಟಕ್ಕೆ ಹೋಗುತ್ತಾರಂತೆ. ಒಂದು ಕಲ್ಲಿನ ಮೇಲೆ ಯುದ್ಧಕ್ಕೆ ಹೋಗಿ ಮರಳದ ಹುಡುಗರ ಹೆಸರುಗಳಿವೆ, ಒಂದೇ ಮನೆತನದ ಹೆಸರು ಮೂರು ಸಲ. ಆ ಕಲ್ಲಿನ ಹೆಸರುಗಳನ್ನು ಒಂದೆಳೆ ಕಪ್ಪು ದಾರದಲ್ಲಿ ಬಾಯಮ್ಮ ಕಸೂತಿ ಹಾಕಿದರು. ಅದಕ್ಕೆ ಅವರಿಗೆ ಎರಡು ದಿನ ಹಿಡಿಯಿತು.

ಕೆಲಸ ಸಾಗುತ್ತಿತ್ತು, ಆದರೆ ಸುಖವಾಗಿ ಅಲ್ಲ. ಮೇಡಂ ವಾರಕ್ಕೆರಡು ಸಲ ಅಂಗಡಿಗೆ ಬಂದು ಫೋನ್ ತೆರೆಯುತ್ತಿದ್ದರು. ಅದರಲ್ಲಿ, ಕಳಿಸಿದ ಫೋಟೊ ನೋಡಿ ಅವರ ತಾಯಿ ಹೇಳಿದ ತಿದ್ದುಪಡಿ. ಇಗರ್ಜಿಯ ಗೋಪುರ ಚೂಪಲ್ಲ, ಚೌಕ. ಬಿಚ್ಚಿದೆವು. ಗೋಪುರದ ಮೇಲೆ ಗಾಳಿಗೆ ತಿರುಗುವ ಹುಂಜ ಇರಬೇಕು. ನಾನು ಹೊಲಿದ ಹುಂಜ ತೀರಾ ದಪ್ಪವಾಯಿತು, ಅದು ತಿರುಗುವುದಿಲ್ಲ, ಗೋಪುರವನ್ನೇ ಕೆಡವುತ್ತದೆ ಎಂದು ಮುದುಕಿ ಹೇಳಿ ಕಳಿಸಿದರು. ಬಿಚ್ಚಿದೆವು. ಕೆರೆಯಲ್ಲಿ ಬಾತು ಏಳು, ಆರಲ್ಲ, ಏಳನೆಯದು ಕುಂಟುತ್ತಿತ್ತು. ಕುಂಟುವ ಬಾತು ನೀರಿನಲ್ಲಿದ್ದರೆ ಕುಂಟುವುದು ಯಾರಿಗೆ ಕಾಣುತ್ತದೆ? ದಡಕ್ಕೆ ತಂದು ಕೂರಿಸಿದೆವು.

ಬಾಗಿಲುಗಳದ್ದು ದೊಡ್ಡ ಜಗಳ. ಹೆಂಡತಿ ಆರು ಮನೆಗೆ ಆರು ಬಣ್ಣದ ಬಾಗಿಲು ಹಚ್ಚಿದ್ದಳು, ಕೆಂಪು, ನೀಲಿ, ಹಳದಿ. ಅಷ್ಟು ಚಂದ ಇತ್ತು. ಮುದುಕಿ ಫೋಟೊ ನೋಡಿ ಎಲ್ಲ ಬಾಗಿಲೂ ಒಂದೇ ಬಣ್ಣ ಇರಬೇಕು ಎಂದರು. ಯಾಕೆಂದರೆ ಬಸ್ ನಿಲ್ಲುವ ಕಟ್ಟೆಗೆ ಹಚ್ಚಿ ಉಳಿದ ಬಣ್ಣದ ಡಬ್ಬಿಯನ್ನು ಮನೆಯಿಂದ ಮನೆಗೆ ದಾಟಿಸಿ ಎಲ್ಲರೂ ಹಚ್ಚಿಕೊಂಡಿದ್ದರಂತೆ. ಕೊನೆಯ ಮನೆಗೆ ಸಾಲದೆ ಬಾಗಿಲಿನ ಅರ್ಧ ಹಾಗೇ ಉಳಿದಿತ್ತಂತೆ.

"ಆ ಮುದುಕಿಗೆ ಕಣ್ಣು ಕಾಣಂಗಿಲ್ಲ ಅಂದಿದ್ರಲ್ಲ?" ಎಂದಳು ಹೆಂಡತಿ, ಬಾಗಿಲು ಬಿಚ್ಚುತ್ತಾ. "ನನಗಿಂತ ಚಲೋ ಕಾಣತಾವ."

ಕೊನೆಯ ಬಾಗಿಲಿನ ಅರ್ಧವನ್ನು ಮಾತ್ರ ಅವಳು ಯಾರೂ ಹೇಳದೆಯೇ ಬಹಳ ನಾಜೂಕಾಗಿ, ಕುಂಚ ಒಣಗಿ ಬಣ್ಣ ಮುಗಿದಂತೆ ಅಂಕುಡೊಂಕಾಗಿ ಕತ್ತರಿಸಿ ಹಚ್ಚಿದಳು.

ವಿಮಾನಕ್ಕೆ ಹದಿನೆಂಟು ದಿನ ಇರುವಾಗ ಸೂಜಿಗಳು ಕೆರೆಯ ನಡುವಿಗೆ ಬಂದವು. ಕೌದಿ ಮುಗಿಯಿತು. ಮಡಚಿ ಹೆಗಲ ಮೇಲೆ ಹೊತ್ತು ಅಂಗಡಿಗೆ ಒಯ್ದೆ. ಮೇಡಂ ಬಂದರು. ಬಾಯಮ್ಮನೂ ಹೊಸ ಸೀರೆ ಉಟ್ಟು ಬಂದಿದ್ದರು. ಕತ್ತರಿಸುವ ಮೇಜಿನ ಮೇಲೆ ಹತ್ತಿ ನಿಂತು, ದಿಶ್‌ದಾಶ ತೂಗುಹಾಕುವ ಕಂಬಿಗೆ ಕೌದಿಯನ್ನು ಕ್ಲಿಪ್ಪು ಹಾಕಿ ಇಳಿಬಿಟ್ಟೆ. ಇಳಿದು ಹಿಂದೆ ಸರಿದು ನೋಡಿದೆ.

ಇಗರ್ಜಿ ನೆಟ್ಟಗೆ ನಿಂತಿತ್ತು. ಶಾಲೆ ಎಡಮಗ್ಗುಲಾಗಿ ಮಲಗಿತ್ತು. ಆರು ಮನೆ ಬಲಮಗ್ಗುಲಾಗಿ ಮಲಗಿದ್ದವು. ನನ್ನ ಹೆಂಡದಂಗಡಿ ತಲೆಕೆಳಗಾಗಿ ನೇತಾಡುತ್ತಿತ್ತು.

ಎರಡು ತಿಂಗಳು ದಿನಾ ನೋಡಿದ್ದೆವು. ನೆಲದ ಮೇಲೆ ನೋಡಿದ್ದೆವು. ಒಬ್ಬೊಬ್ಬರೂ ತಮ್ಮ ತಮ್ಮ ಕಡೆಯಿಂದ ನೋಡಿದ್ದೆವು, ಎಲ್ಲರಿಗೂ ತಮ್ಮ ಊರು ನೆಟ್ಟಗೇ ಕಂಡಿತ್ತು. ಕೌದಿಯನ್ನು ಯಾರಾದರೂ ಗೋಡೆಗೆ ಹಾಕುತ್ತಾರೆಯೇ? ಅದು ಹಾಸುವ, ಹೊದೆಯುವ ವಸ್ತು. ಅದಕ್ಕೆ ತಲೆ ಯಾವುದು ಕಾಲು ಯಾವುದು ಎಂದು ನಮ್ಮಲ್ಲಿ ಯಾರೂ ಕೇಳಿದ್ದಿಲ್ಲ. ಗೋಡೆಗೆ ಎಂದು ಮೇಡಂ ಮೊದಲ ದಿನವೇ ಹೇಳಿದ್ದರು. ನಾನು ಕೇಳಿಸಿಕೊಂಡಿದ್ದೆ. ಅಂಗಿಯ ತೋಳನ್ನು ತಿರುಗುಮುರುಗಾಗಿ ಹಚ್ಚಿದವನನ್ನು ನಾನೇ ಬೈದು ಕೆಲಸ ಕಲಿಸಿದ್ದೇನೆ, ಅಂಥ ನಾನು ಒಂದು ಊರನ್ನೇ ತಿರುಗುಮುರುಗಾಗಿ ಹಚ್ಚಿದ್ದೆ.

"ಕುಡಿದು ಹೊರಗೆ ಬಂದವರಿಗೆ ಸರಿಯಾಗಿಯೇ ಕಾಣ್ತದೆ" ಎಂದು ಬಾಯಮ್ಮ ನಗಿಸಲು ನೋಡಿದರು. ಯಾರೂ ನಗಲಿಲ್ಲ.

ಮೇಡಂ ಕುರ್ಚಿಯಲ್ಲಿ ಕೂತುಬಿಟ್ಟರು. ಸಿಟ್ಟಾಗಿದ್ದರೆ ನನಗೆ ಸುಲಭವಿತ್ತು. ಅವರು ತಗ್ಗಿದ ದನಿಯಲ್ಲಿ, "ತಾಯಿಗೆ ಫೋನಿನಲ್ಲಿ ಇವತ್ತು ತೋರಿಸುತ್ತೇನೆ ಎಂದು ಹೇಳಿ ಬಂದಿದ್ದೆ" ಎಂದರು. ತೋರಿಸಲಿಲ್ಲ.

ಮನೆಗೆ ತಂದು ಹಾಸಿ ಕೂತೆವು. ಬಿಚ್ಚಿ ಮತ್ತೆ ಹೊಲಿಯುವುದು ಆಗದ ಮಾತು. ಮೂರು ಪದರದ ಮೂಲಕ ಒಂದೊಂದು ಗೋಧಿ ಕಾಳಿನಷ್ಟು ಹೊಲಿಗೆ, ಸಾಲಿನ ಪಕ್ಕ ಸಾಲು. ಬಿಚ್ಚಲಿಕ್ಕೇ ತಿಂಗಳು ಬೇಕು. ನಾನು ಸುತ್ತಲೂ ಎರಡು ಸುತ್ತು ಬಂದೆ. ನಾಲ್ಕು ಪಟ್ಟಿ, ನಾಲ್ಕೂ ಒಂದೇ ಅಳತೆ. ಪಟ್ಟಿಯ ಅಂಚಿನ ಗುಂಟ ಮಷಿನ್ನಿನಲ್ಲಿ ಎರಡೆರಡು ಗಟ್ಟಿ ಹೊಲಿಗೆ ಹಾಕಿ, ಅವುಗಳ ನಡುವೆ ಕತ್ತರಿ ಬಿಟ್ಟರೆ ಒಂದೆಳೆಯೂ ಸಡಿಲವಾಗದೆ ನಾಲ್ಕು ತುಂಡಾಗುತ್ತದೆ. ನಾಲ್ಕನ್ನೂ ನೆಟ್ಟಗೆ ನಿಲ್ಲಿಸಿ ಸಾಲಾಗಿ ಜೋಡಿಸಿದರೆ ಇಪ್ಪತ್ತು ಅಡಿಯ ಒಂದು ಬೀದಿ. ಚೌಕದ ಊರು ಉದ್ದದ ಊರಾಗುತ್ತದೆ, ಅಷ್ಟೇ.

"ಕತ್ತರಸ್ತೀನಿ" ಎಂದೆ.

ಹೆಂಡತಿ ಕೌದಿಯ ಮೇಲೆಯೇ ಕೂತಳು. "ಮೊದಲ ನನ್ನ ಕತ್ತರಸ್ರಿ."

"ಹಂಗಲ್ಲ, ಕೇಳಿಲ್ಲಿ..."

"ನೀವ ಕೇಳ್ರಿ. ಮನ್ಯಾಗ ದಿನ ತುಂಬಿದ ಬಸುರಿ ಅದಾಳ. ಕೈಯಾರೆ ಹೊಲಿದ ಕೌದಿಗೆ ಕತ್ತರಿ ಹಚ್ಚೂದು, ಹೊಲಿಗಿ ಬಿಚ್ಚೂದು ನಮ್ಮವ್ವನ ಮನ್ಯಾಗ ಇಲ್ಲ, ನಿಮ್ಮವ್ವನ ಮನ್ಯಾಗೂ ಇಲ್ಲ."

"ಇಷ್ಟ ದಿನ ಬಾಗಲಾ ಬಿಚ್ಚಿದಿ, ಹುಂಜಾ ಬಿಚ್ಚಿದಿ, ಅದಕ್ಕೇನಂತಿ?"

"ಅವಾಗ ಅದು ಚಿಂದಿ. ಈಗ ಅದು ಕೌದಿ ಆಗೇತಿ. ನಡಕ ಸೂಜಿ ಬಂದು ಮುಟ್ಟೇತಿ. ಅದರಾಗ ಮಗಳ ಕೈ ಹೊಲಿಗಿ ಐತಿ. ಕೂಸು ಹೊರಗ ಬರಲಿ, ಆಮ್ಯಾಲ ಏನರೆ ಮಾಡ್ಕೋರಿ."

"ಅಂಗಡ್ಯಾಗ ದಿನಾ ನೂರು ಸಲ ಕತ್ತರಿ ಹಿಡಿತೀನಲ್ಲ?"

"ಅದು ಮಂದಿ ಅರಿವಿ."

ಮಗಳ ಕಡೆ ನೋಡಿದೆ. ಓದಿದ ಹುಡುಗಿ, ನನ್ನ ಪರ ಮಾತಾಡುತ್ತಾಳೆ ಅಂದುಕೊಂಡೆ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಅವ್ವಗ ಸಮಾಧಾನ ಆಗೂದಾದ್ರ ತಡಿ ಅಪ್ಪಾ, ಇನ್ನೊಂದು ಹನ್ನೆರಡು ದಿನ" ಎಂದಳು. ನಾನು ಹೆಂಡತಿಗೆ ಮಾತು ಕೊಟ್ಟೆ.

ಮೇಡಂಗೆ ಬಾಯಮ್ಮ ಇದನ್ನು ಹೇಗೆ ಹೇಳಿದರೋ ನನಗೆ ಗೊತ್ತಿಲ್ಲ. ಬಹಳ ಹೊತ್ತು ಹೇಳಿದರು. ಮೇಡಂ ಒಪ್ಪಿದರು. ಆದರೆ ಏಳು ಅಡಿಯ ಜಾಗದ ಬದಲು ಇಪ್ಪತ್ತು ಅಡಿಯ ಜಾಗ ಬೇಕಲ್ಲ. ಅದಕ್ಕೆ ಊರಿನ ಕಮಿಟಿ ಕೂಡಬೇಕು. ಕಮಿಟಿ ಕೂಡಲು ಐದು ದಿನ ತೆಗೆದುಕೊಂಡಿತು. ಒಬ್ಬರಿಗೆ ಕಿಟಕಿಯ ಮೇಲೆ ಹಾಕಿದರೆ ಧೂಳು ಕೂರುತ್ತದೆ ಎಂಬ ಚಿಂತೆ, ಇನ್ನೊಬ್ಬರಿಗೆ ಹೆಂಡದಂಗಡಿ ಇಗರ್ಜಿಯ ಪಕ್ಕ ಬರಬಾರದು ಎಂಬ ಹಟ. ನಮ್ಮೂರ ಪಂಚಾಯಿತಿಯ ಮಾತೇ ಕೇಳಿದಂತಾಯಿತು. ಕೊನೆಗೆ ಕಿಟಕಿಗಳ ಮೇಲಿನ ಉದ್ದ ಗೋಡೆ ಕೊಟ್ಟರು.

ಗೋಡೆ ಸಿಕ್ಕಿತು, ಕೂಸು ಬರಲಿಲ್ಲ. ಡಾಕ್ಟರ್ ಹೇಳಿದ ದಿನ ದಾಟಿತು. ಒಂದು ದಿನ, ಎರಡು ದಿನ, ನಾಲ್ಕು ದಿನ. ಮೇಡಂ ಬೆಳಿಗ್ಗೆ ಅಂಗಡಿಯ ಬಾಗಿಲಲ್ಲಿ ತಲೆ ತೂರಿಸಿ "ಬೇಬಿ?" ಎನ್ನುತ್ತಿದ್ದರು. ನಾನು ಕೈ ಅಲ್ಲಾಡಿಸುತ್ತಿದ್ದೆ. ಹೆಗಲ ಮೇಲೆ ಟೇಪು, ಕೈಯಲ್ಲಿ ಕತ್ತರಿ, ಎದುರಿಗೆ ಮೇಜು, ಎಲ್ಲ ಇದೆ, ಕತ್ತರಿಸುವ ಹಾಗಿಲ್ಲ. ಆ ದಿನಗಳಲ್ಲಿ ಸಿಕ್ಕವರ ಮೇಲೆಲ್ಲ ರೇಗಿದೆ. ಒಬ್ಬ ಗಿರಾಕಿಯ ಕಾಲರ್ ಹಾಳುಮಾಡಿದೆ. ಕೂಸಿನ ಮೇಲೂ ಒಂದು ಗಳಿಗೆ ಸಿಟ್ಟು ಬಂತು, ಅದನ್ನು ಈಗ ಒಪ್ಪಿಕೊಳ್ಳುತ್ತೇನೆ. ಅವಳ ಕಿವಿಯಲ್ಲಿ ಕ್ಷಮೆ ಕೇಳಿಯಾಗಿದೆ.

ಮಂಗಳವಾರ ಬೆಳಿಗ್ಗೆ ಎಂಟು ಗಂಟೆಗೆ ಆಸ್ಪತ್ರೆಯಿಂದ ಅಳಿಯ ಫೋನ್ ಮಾಡಿದ. ಮಾತೇ ಹೊರಡದೆ ಅಳುತ್ತಿದ್ದ. ಹೆಂಡತಿ ಫೋನ್ ಕಿತ್ತುಕೊಂಡು, "ಹೆಣ್ಣು. ಇಬ್ಬರೂ ಆರಾಮ ಅದಾರ. ಬರ್ರಿ, ನೋಡ್ರಿ, ಹೋಗಿ ಕತ್ತರಸ್ರಿ" ಎಂದಳು.

ಹೋದೆ. ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಟ್ಟರು. ಎಷ್ಟೋ ಜನರ ಅಳತೆ ತೆಗೆದ ಕೈ ಇದು, ಅಂಥ ಅಳತೆಯನ್ನು ಎಂದೂ ಹಿಡಿದಿರಲಿಲ್ಲ. ಅವಳು ಕಣ್ಣು ಬಿಟ್ಟು ನನ್ನನ್ನಲ್ಲ, ನನ್ನ ಕಿವಿಯನ್ನು ನೋಡಿದಳು. ನನಗೆ ಕುಣಿಯಬೇಕು ಅನ್ನಿಸಿತು. ಆದರೆ ಗುರುವಾರ ಸಂಜೆಗೆ ವಿಮಾನ. ಅವಳನ್ನು ಕೊಟ್ಟು ಓಡಿದೆ.

ಅಂಗಡಿಯ ಮಾಲೀಕ, ನನ್ನ ವೀಸಾಕ್ಕೆ ಜಾಮೀನಾದ ಕಫೀಲ್, ಗಲ್ಲಾದ ಹತ್ತಿರ ಕೂತಿದ್ದ. ಎರಡು ದಿನ ಬೇರೆ ಕೆಲಸ ಮುಟ್ಟುವುದಿಲ್ಲ, ದೊಡ್ಡ ಮೇಜು ಬೇಕು ಎಂದೆ. ಯಾಕೆ ಎಂದ. ಮೊಮ್ಮಗಳು ಎಂದೆ.

"ಮಬ್ರೂಕ್, ಅಭಿನಂದನೆ! ಮೊದಲೇ ಹೇಳುವುದಲ್ಲವಾ? ಯಲ್ಲಾ, ಮೇಜು ನಿನ್ನದು" ಎಂದು ಎದ್ದು ನಿಂತು ಕೈ ಹಿಡಿದ. ಮೊಮ್ಮಗಳಿಗೂ ಇಪ್ಪತ್ತು ಅಡಿಯ ಬಟ್ಟೆಗೂ ಏನು ಸಂಬಂಧ ಎಂದು ಅವನು ಕೇಳಲೂ ಇಲ್ಲ.

ಮಷಿನ್ನಿಗೆ ದಪ್ಪ ಬಟ್ಟೆಯ ಹದಿನೆಂಟನೇ ನಂಬರಿನ ಸೂಜಿ ಹಾಕಿದೆ. ಹೊಲಿಗೆಯ ಉದ್ದ ದೊಡ್ಡದು ಮಾಡಿದೆ. ಅಂಚಿನ ಗುಂಟ ಎರಡು ಹೊಲಿಗೆ, ಅರ್ಧ ಇಂಚು ಬಿಟ್ಟು ಮತ್ತೆರಡು. ಮೂರು ಪದರ, ಮೇಲೆ ಹಚ್ಚಿದ ತುಂಡು ಬೇರೆ. ಗೋಪುರದ ಮೂಲೆಯಲ್ಲಿ ಸೂಜಿ ಮುರಿಯಿತು, ಶಾಲೆಯ ಗಂಟೆಯ ಹತ್ತಿರ ಇನ್ನೊಂದು. ಮಧ್ಯಾಹ್ನ ಕತ್ತರಿ ಬಿಟ್ಟೆ. ಬಾಯಮ್ಮ ಕಣ್ಣು ಮುಚ್ಚಿಕೊಂಡು ಶಿಲುಬೆಯ ಗುರುತು ಮಾಡಿಕೊಂಡರು. ಕಚಕಚ ಎಂದು ದಪ್ಪ ಬಟ್ಟೆ ಬಿಟ್ಟುಕೊಟ್ಟಿತು. ಒಂದೆಳೆಯೂ ಬಿಚ್ಚಲಿಲ್ಲ.

ಬುಧವಾರ ನಾಲ್ಕನ್ನೂ ಸಾಲಾಗಿ ಜೋಡಿಸಿ, ಸುತ್ತ ಪಟ್ಟಿ ಹಚ್ಚಿ, ಹಿಂದೆ ಕೋಲು ತೂರಿಸಲು ಕೊಳವೆ ಹೊಲಿದೆ. ಇಗರ್ಜಿ, ಶಾಲೆ, ಒಂದೇ ಬಣ್ಣದ ಬಾಗಿಲುಗಳು, ಅರ್ಧ ಬಾಗಿಲು, ಕುಲುಮೆ, ಕಡೆಗೆ ಹೆಂಡದಂಗಡಿ. ಎಲ್ಲವೂ ಕಾಲ ಮೇಲೆ ನಿಂತಿದ್ದವು. ನಾನು ಎರಡು ತಿಂಗಳಲ್ಲಿ ಮೊದಲ ಸಲ ಸೊಂಟ ನೆಟ್ಟಗೆ ಮಾಡಿದೆ.

"ಮಾಸ್ಟ್ರೇ" ಎಂದರು ಬಾಯಮ್ಮ. "ಕೆರೆ?"

ಕೆರೆ ಮೇಜಿನ ತುದಿಯಲ್ಲಿ ಬಿದ್ದಿತ್ತು. ಮೂರು ಅಡಿಯ ಚೌಕ. ಪಟ್ಟಿಗಳು ಎರಡು ಅಡಿ ಎತ್ತರ. ಇಷ್ಟು ದಿನ ಪಟ್ಟಿ, ಗೋಡೆ, ಕಮಿಟಿ, ಕೂಸು ಎಂದೆಲ್ಲ ಲೆಕ್ಕ ಹಾಕಿದ ನಾವು ಯಾರೂ ನಡುವಿನ ಚೌಕ ಎಲ್ಲಿ ಹೋಗುತ್ತದೆ ಎಂದು ಯೋಚಿಸಿಯೇ ಇರಲಿಲ್ಲ. ತುದಿಗೆ ಹಚ್ಚಿ ನೋಡಿದೆ, ಒಂದು ಅಡಿ ಕೆಳಗೆ ಜೋತಿತು. ಮಡಚಿ ನೋಡಿದೆ, ಕುಂಟು ಬಾತು ಒಳಗೆ ಹೋಯಿತು. ಕತ್ತರಿಸಲು ಕತ್ತರಿ ಎತ್ತಿದೆ, ಬಾತುಗಳನ್ನು ನೋಡಿ ಇಳಿಸಿದೆ. ಮುದುಕಿ ನೋಡಬೇಕೆಂದದ್ದು ಅದೊಂದನ್ನು. ನಾನು ಇಡೀ ಊರನ್ನು ನಿಲ್ಲಿಸಿ ಅದೊಂದನ್ನು ಹೊರಗಿಟ್ಟಿದ್ದೆ.

ಗುರುವಾರ ಮಧ್ಯಾಹ್ನ ಮಗಳು ಆಸ್ಪತ್ರೆಯಿಂದ ಮನೆಗೆ ಬಂದಳು. ಹಿಂದೆಯೇ ಮೇಡಂ ಬಂದರು, ಕೆಳಗೆ ಟ್ಯಾಕ್ಸಿ ನಿಲ್ಲಿಸಿಕೊಂಡು. ಬೀದಿಯನ್ನು ಹಾಲಿನಿಂದ ಅಡುಗೆಮನೆಯ ತನಕ ಬಿಚ್ಚಿ ಹಿಡಿದೆವು. ಅವರು ಒಂದೊಂದು ಬಾಗಿಲ ಮುಂದೆ ನಿಂತು ನಿಂತು ನಡೆದರು. ಆಮೇಲೆ ನಾನು ಕೆರೆಯನ್ನು ತಂದು ನೆಲದ ಮೇಲೆ ಹಾಸಿ, "ಸಾರಿ ಮೇಡಂ" ಎಂದೆ. ಉಳಿದದ್ದನ್ನು ಬಾಯಮ್ಮ ಹೇಳಿದರು.

ಮೇಡಂ ತಾಯಿಗೆ ಫೋನ್ ಹಚ್ಚಿದರು. ಪರದೆಯ ಮೇಲೆ ಬಿಳಿ ಕೂದಲ ಮುದುಕಿ, ಮೂಗು ಗಾಜಿಗೆ ತಾಗುವಷ್ಟು ಹತ್ತಿರ. ಮೇಡಂ ಫೋನನ್ನು ಕೆರೆಯ ಮೇಲೆ ಹಿಡಿದು ಒಂದೊಂದೇ ಬಾತು ದಾಟಿಸಿದರು. ಏಳನೆಯದರ ಹತ್ತಿರ ಮುದುಕಿ ಏನೋ ಅಂದು ನಕ್ಕರು. ಆಮೇಲೆ ಮೇಡಂ ತೊಂದರೆ ತಿಳಿಸಿದರು. ನಾನು ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದೆ. ಒಳಗಿನ ಕೋಣೆಯಲ್ಲಿ ಕೂಸು ಅತ್ತಿತು.

ಮುದುಕಿ ಏನೋ ಕೇಳಿದರು. ಬಾಯಮ್ಮ ನಮ್ಮ ಕಡೆ ತಿರುಗಿದರು. "ಅದು ಯಾರ ಮಗು ಅಂತ ಕೇಳ್ತಾರೆ."

"ನನ್ನ ಮೊಮ್ಮಗಳು ಅಂತ ಹೇಳ್ರಿ" ಎಂದೆ. ಆ ಗಾಬರಿಯಲ್ಲೂ ಅದನ್ನು ಹೇಳುವಾಗ ಎದೆ ಉಬ್ಬಿತು.

ಮುದುಕಿ ನಿಧಾನವಾಗಿ ಮಾತಾಡಿದರು. ಮೇಡಂ ಮುಖ ಆ ಕಡೆ ತಿರುಗಿಸಿಕೊಂಡರು. ಬಾಯಮ್ಮ ಮೂಗು ಒರೆಸಿಕೊಂಡು ಹೇಳಿದರು: "ಕೆರೆಯನ್ನು ಯಾರಾದ್ರೂ ಗೋಡೆಗೆ ತೂಗಿ ಹಾಕ್ತಾರಾ ಅಂತ ಕೇಳ್ತಾರೆ ಮಾಸ್ಟ್ರೇ. ನೀರು ನೆಲದ ಮೇಲೆ ಇರಬೇಕಂತೆ. ಅವರು ನೋಡಿಯಾಯ್ತಂತೆ. ಅಲ್ಲಿಗೆ ಕಳಿಸಿದ್ರೆ ಕಮಿಟಿಯವರು ಇದರ ಮೇಲೂ ಗಾಡಿ ನಿಲ್ಲಿಸ್ತಾರೆ, ಕೆರೆ ಮಗುವಿಗೇ ಇರಲಿ, ಅದರ ಮೇಲೆ ಮಲಗಿಸಿ, ಒಂದು ಸಲ ತೋರಿಸಿ ಅಂತ."

ಹೆಂಡತಿ ಕೂಸನ್ನು ತಂದು ಏಳು ಬಾತುಗಳ ನಡುವೆ ಮಲಗಿಸಿದಳು. ಮೇಡಂ ಫೋನ್ ಹಿಡಿದರು. ಮುದುಕಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಕೂಸು ಅಳು ನಿಲ್ಲಿಸಿ, ಕಾಲು ಝಾಡಿಸಿ, ಮುಖ ಕೆಂಪು ಮಾಡಿಕೊಂಡಿತು. ನಡು ಕೆರೆಯ ನೀಲಿ ಗಾಢವಾಗುತ್ತಾ ಕುಂಟು ಬಾತಿನ ದಡದ ತನಕ ಹರಡಿತು.

"ಅಯ್ಯ, ಹೊಸಾ ಕೌದಿ!" ಎಂದಳು ಹೆಂಡತಿ.

ಆ ಕಡೆಯಿಂದ ಮುದುಕಿಯ ನಗು ಬಂತು. ನಿಲ್ಲದ ನಗು, ಕೆಮ್ಮು, ಮತ್ತೆ ನಗು. ಏನೋ ಹೇಳಿದರು. ಈ ಸಲ ಬಾಯಮ್ಮ ಹೇಳುವ ಮೊದಲೇ ನನಗೆ ತಿಳಿಯಿತು. ಅವರ ಕೆರೆಗೆ ಎಷ್ಟೋ ವರ್ಷದ ಮೇಲೆ ನೀರು ಬಂದಿತ್ತು.

ಬೀದಿ ಅವರ ಊರಿಗೆ ಹೋಗಿ ಗೋಡೆ ಏರಿದೆ. ಅರ್ಧ ಬಾಗಿಲಿನ ಮುಂದೆ ನಿಂತ ಮುದುಕಿಯ ಫೋಟೊ ಬಂದಿದೆ. ಇಲ್ಲಿ ದಿನಾ ಬೆಳಿಗ್ಗೆ ನಾನು ಕೆರೆಯನ್ನು ತೊಳೆದು ಹಿಂಡಿ ಬಾಲ್ಕನಿಯ ತಂತಿಗೆ ಹಾಕುತ್ತೇನೆ. ಈ ಬಿಸಿಲಿಗೆ ಅರ್ಧ ಗಂಟೆಯಲ್ಲಿ ಒಣಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಮತ್ತೆ ತುಂಬಿರುತ್ತದೆ.